ಶೇಖಮ್ಮ ಹಚ್ಚಿದ ಕಾದಂಬರಿ

ಮಸ್ಕಿಯ ಶೇಖಮ್ಮನಿಗೆ ಅಕ್ಷರ ಬಂದದ್ದು ತಲೆಕೆಳಗಾಗಿ. ತವರೂರು ಸಂತೆಕಲ್ಲೂರಿನ ಮಠದಲ್ಲಿ ಅಯ್ಯನವರು ಪುರಾಣ ಓದುವಾಗ ಅವಳು ಎದುರಿಗೆ ಕೂತು, ಅವರ ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸಿ ಕಲಿತಳು. ಪುಸ್ತಕವನ್ನು ನೆಟ್ಟಗೆ ಹಿಡಿದು ಓದುವುದು ಆಮೇಲೆ ರೂಢಿಯಾಯಿತು. ಆಗ ನಿಜಾಮರ ಕಾಲ. ಶಾಲೆಯಲ್ಲಿ ಉರ್ದು, ಅದೂ ಗಂಡುಮಕ್ಕಳಿಗೆ. ಗಂಡ ತೀರಿದ ಮೇಲೆ, ಓಣಿಯ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಪುರಾಣ ಓದಿ ಹೇಳುವುದು ಅವಳ ಪಾಲಿಗೆ ಬಂತು. ದಿನಕ್ಕೆ ಮೂರೇ ಪುಟ, ಬೆರಳಿಟ್ಟು. ಒಂದಕ್ಷರ ತಪ್ಪಿದರೂ ಸಾಲಿನ ಮೊದಲಿಗೆ ಹೋಗುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಅವಳು ಒಂದು ತಪ್ಪು ಮಾಡಿದಳು. ಊರಲ್ಲಿ ಹೊಸದಾಗಿ ತೆರೆದಿದ್ದ ವಾಚನಾಲಯದಿಂದ ತಂದ ಕಾದಂಬರಿಯನ್ನು ಪುರಾಣದ ಹಾಗೆ ಹಚ್ಚಿದಳು. ವ್ಯಾಸಪೀಠದ ಮೇಲಿಟ್ಟು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಶುರುಮಾಡಿಬಿಟ್ಟಳು. ಅವಳಿಗೆ ಬೇರೆ ಬಗೆಯ ಓದು ಗೊತ್ತಿರಲಿಲ್ಲ. ಹಾಗೆ ಹಚ್ಚಿದ ಪುಸ್ತಕವನ್ನು ನಡುವೆ ಬಿಟ್ಟರೆ ಕೇಡು. ಕೇಳಲು ಕೂತವರು ಓದು ಮುಗಿಯುವ ಮಂಗಲದ ದಿನದವರೆಗೆ ತಪ್ಪಿಸುವಂತಿಲ್ಲ. ಓದುವವರು ಮುಂದಿನದನ್ನು ಒಬ್ಬರೇ ಮೊದಲೇ ನೋಡುವಂತಿಲ್ಲ.

ಮೊದಮೊದಲು ಎಲ್ಲರಿಗೂ ಖುಷಿ. ಮೂರು ಪುಟ ಮುಗಿದದ್ದೇ ತಡ, ಒಬ್ಬೊಬ್ಬರೂ ತಮಗನಿಸಿದ್ದು ಹೇಳುತ್ತಿದ್ದರು.

“ವತ್ಸಲಾ ಅಂತ! ನಮ್ಮೂರಾಗ ಎಮ್ಮಿಗೂ ಇಂಥಾ ಹೆಸರಿಟ್ಟಿಲ್ಲ,” ಎಂದಳು ಸೂಲಗಿತ್ತಿ ಆದಮ್ಮ.

“ಆಕಿ ಅತ್ತಿ ಮಾತ್ರ ಛಲೋ ಹೆಂಗಸು. ಸೊಸಿನ್ನ ಹದ್ದುಬಸ್ತಿನಾಗ ಇಟ್ಟಾಳ,” ಎಂದಳು ಎದುರುಮನೆಯ ಪಾರ್ವತೆಮ್ಮ.

“ಯಾರಂಗ, ಯಕ್ಕಾ? ನಿನ್ನಂಗೇನು?” ಎಂದು ಆದಮ್ಮ ಕೆಣಕಿದಳು. ಎಲ್ಲರೂ ನಕ್ಕರು.

ನಗದವಳು ಪಾರ್ವತೆಮ್ಮನ ಸೊಸೆ ಯಮನಮ್ಮ ಒಬ್ಬಳೇ. ಎಂಟು ತಿಂಗಳ ಬಸುರಿ, ಪುರಾಣದ ದಿನಗಳಿಂದಲೂ ವ್ಯಾಸಪೀಠದ ಎದುರಿಗೇ ಕೂರುತ್ತಿದ್ದಳು. ಹೋದ ವರ್ಷ ಮೂರು ದಿನ ನೋವು ತಿಂದು ಸತ್ತ ಕೂಸನ್ನು ಹಡೆದಿದ್ದಳು. ಈಗ ಕಾದಂಬರಿಯ ವತ್ಸಲೆಯೂ ಬಸುರಾಗಿದ್ದಳು.

“ದೊಡ್ಡವ್ವಾ, ಆಕಿಗೇನ್ ಆಗೂದಿಲ್ಲಲ್ಲ?” ಎಂದು ಒಂದು ದಿನ ಯಮನಮ್ಮ ಕೇಳಿದಳು.

“ಏನಾಗತೈತವ್ವ? ಹಡೀತಾಳ, ಬಾಣಂತನ ಮಾಡಿಸ್ಕೊಂತಾಳ,” ಎಂದಳು ಶೇಖಮ್ಮ. ಪುಸ್ತಕದಲ್ಲಿ ತಾನು ಇನ್ನೂ ಓದಿರದ ಮಾತನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಪುಸ್ತಕ ಹಿಡಿದು ವಾಚನಾಲಯಕ್ಕೆ ಹೋದಳು. ಅಲ್ಲಿನ ಕೀಲಿ ಬಂದೇಸಾಬನ ಕೈಯಲ್ಲಿತ್ತು.

“ಬಂದೇಸಾಬ, ಇದರ ಕಡೀಗೆ ಏನಾಗತೈತಪಾ?”

“ನಾ ಉರ್ದು ಓದಿದಾಂವ ರೀ, ಯವ್ವಾ. ಕನ್ನಡದಾಗ ಇನ್ನಾ ಕಾಗುಣಿತ ತಿದ್ದಾಕತ್ತೀನಿ. ಓದಿದವರು ತಮಗ ಹೆಂಗನಿಸ್ತು ಅಂತ ಹಿಂದಿನ ಹಾಳಿಮ್ಯಾಲ ಬರದಾರ, ನೋಡ್ರಿ.”

ಶೇಖಮ್ಮ ನೋಡಿದಳು. ಮೂರು ಅಭಿಪ್ರಾಯಗಳಿದ್ದವು. ‘ಉತ್ತಮ ಗ್ರಂಥ.’ ‘ಅಕ್ಷರ ಸಣ್ಣವು, ಕಣ್ಣು ನೋಯುತ್ತವೆ.’ ‘ಕೊನೆಗೆ ಅಳು ತಡೆಯಲಾಗಲಿಲ್ಲ.’

ಆ ಮೂರನೆಯದನ್ನು ಬೆರಳಿಟ್ಟು ಇನ್ನೊಮ್ಮೆ ಓದಿದಳು. ಮನೆಗೆ ಬಂದು ಕದ ಹಾಕಿ, ಪುಸ್ತಕಕ್ಕೆ ಕೈಮುಗಿದು ತಪ್ಪೊಪ್ಪಿಕೊಂಡು, ಮುಂದಿನ ಹಾಳೆ ತೆರೆದಳು. ಕೊನೆಯ ಅಧ್ಯಾಯ ಮುಗಿಯುವಾಗ ದನ ಮನೆಗೆ ಬರುವ ಹೊತ್ತು. ವತ್ಸಲೆ ಮೂರು ದಿನ ನೋವು ತಿಂದು ಸತ್ತಿದ್ದಳು.

ನಡುವೆ ಬಿಟ್ಟರೆ ಕೇಡು ಬಸುರಿಗೇ ತಾಗೀತು. ಇದ್ದದ್ದನ್ನು ಓದಿದರೆ ಆ ಹುಡುಗಿಯ ಎದೆ ಒಡೆದೀತು. ನಾಲ್ಕು ದಿನ ಶೇಖಮ್ಮ ಅನ್ನ ಮುಟ್ಟಿದರೆ ಮುಟ್ಟಿದಳು, ಇಲ್ಲದಿದ್ದರೆ ಇಲ್ಲ. ಕಡೆಗೆ ಒಂದು ಸುಳ್ಳು ಕಟ್ಟಿದಳು: ‘ವತ್ಸಲೆ ಸುಖವಾಗಿ ಹೆತ್ತಳು.’ ಜೋಳ ಹಸನು ಮಾಡುವಾಗ, ನೀರು ಸೇದುವಾಗ, ಪುಸ್ತಕದ ದನಿಯಲ್ಲೇ ಅದನ್ನು ಬಾಯಿಪಾಠ ಮಾಡಿದಳು.

ಮಂಗಲದ ದಿನ ಬಂತು. ಓದುತ್ತ ಓದುತ್ತ ಬೆರಳು ಆ ಸಾಲಿಗೆ ಬಂದು ನಿಂತಿತು. ಶೇಖಮ್ಮ, “ವತ್ಸಲೆ ಸುಖವಾಗಿ ಹೆತ್ತಳು,” ಎಂದಳು.

“ದೊಡ್ಡವ್ವಾ, ಅಲ್ಲಿ ಹಂಗಿಲ್ಲ.”

ಯಮನಮ್ಮ ಎದುರಿನಿಂದಲೇ ಕೈ ಚಾಚಿ, ತಲೆಕೆಳಗಾದ ಅಕ್ಷರಗಳ ಮೇಲೆ ಬೆರಳಿಟ್ಟಳು. “ವತ್ಸಲೆಯ... ಉಸಿರು... ನಿಂತಿತು.” ಇಷ್ಟು ದಿನ ಎದುರಿಗೆ ಕೂತು ಹುಡುಗಿ ಕಲಿತುಬಿಟ್ಟಿದ್ದಳು. ಅದು ಶೇಖಮ್ಮನಿಗೇ ತಿಳಿಯದೆ ಹೋಗಿತ್ತು.

“ನನ್ನ ಅಂಜಿಕಿ ನಾ ನೋಡ್ಕೊಂತೀನಿ. ಇದ್ದದ್ದು ಓದು, ದೊಡ್ಡವ್ವಾ.”

ಶೇಖಮ್ಮ ಸಾಲಿನ ಮೊದಲಿಗೆ ಹೋಗಿ ಓದಿದಳು. ‘ನಮ್ಮ ಮನೆತನದಲ್ಲಿ ಯಾರೂ ಆಸ್ಪತ್ರೆಯಲ್ಲಿ ಹೆತ್ತಿಲ್ಲ’ ಎಂದು ಅತ್ತೆ ಆ ಮೂರು ದಿನವೂ ಬಾಗಿಲಿಗೆ ಅಡ್ಡ ನಿಂತಿದ್ದಳೆಂದು ಮುಂದೆ ಬರೆದದ್ದನ್ನೂ ಓದಿದಳು.

ಓದು ಮುಗಿದಾಗ ಮೊದಲು ಬಾಯಿ ತೆರೆದವಳು ಆದಮ್ಮ. “ಮೂರು ದಿನ ಮನಿಯಾಗ ಇಟ್ಕೊಂಡು ಕುಂತ್ರ ಸಾಯದ ಏನ್ ಮಾಡ್ತಾಳ? ನಾ ಆಗಿದ್ರ ಮರುದಿನಾನ ದವಾಖಾನಿ ಹಾದಿ ತೋರಸ್ತಿದ್ದೆ.”

“ಹ್ವಾದ ವರ್ಷ ನಂಗ್ಯಾಕ ತೋರಸಲಿಲ್ಲ?” ಎಂದಳು ಯಮನಮ್ಮ.

ಆದಮ್ಮ ತಲೆ ತಗ್ಗಿಸಿದಳು. “ತೋರಿಸಿದ್ದೆ, ಮಗಳೇ.”

ಎಲ್ಲರ ಕಣ್ಣೂ ಪಾರ್ವತೆಮ್ಮನ ಕಡೆ ತಿರುಗಿದವು. ಹೋದ ವರ್ಷ ಬಾಗಿಲಲ್ಲಿ ನಿಂತು ಅವಳಂದ ಇಂಥದೇ ಮಾತು ಓಣಿಗೆಲ್ಲ ಕೇಳಿಸಿತ್ತು. ಈಗ ಅವಳು ಅಭಿಪ್ರಾಯ ಹೇಳಬೇಕಾದ ಸರದಿ. ಶೇಖಮ್ಮನಿಗೆ ಈಗ ಜಗಳವೇ ಎದ್ದೀತೆಂದು ಭಯವಾಯಿತು. ಪಾರ್ವತೆಮ್ಮ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದಳು.

“ಆ ಅತ್ತಿ ಮಾಡಿದ್ದು ತಪ್ಪು,” ಎಂದಳು ಕಡೆಗೆ. ಆಮೇಲೆ ಸೊಸೆಯ ಮುಖ ನೋಡದೆ, “ನಾಳಿ ಮೋಟರಿಗೆ ಲಿಂಗಸೂಗೂರಿಗೆ ಹೋಗೂಣು. ನನ್ನ ತಂಗಿ ಕಸ್ತೂರೆಮ್ಮನ ಮನ್ಯಾಗ ಇರೂಣು. ದವಾಖಾನಿ ಅಲ್ಲೇ ಹಿಂದೈತಿ,” ಎಂದಳು.

ಅವರು ಹೋದರು. ಶೇಖಮ್ಮನಿಗೆ ಮಾತ್ರ ನೆಮ್ಮದಿ ಇಲ್ಲ. ಹಚ್ಚಿದ ಪುಸ್ತಕವನ್ನು ಕದ್ದು ಓದಿದ್ದು ಒಂದು, ಅದರ ಮುಂದೆ ಸುಳ್ಳಾಡಿದ್ದು ಇನ್ನೊಂದು. ಎರಡರ ಕೇಡೂ ಆ ಹುಡುಗಿಗೆ ತಾಗಿದರೆ? ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವ ಮೋಟರು ಮಸ್ಕಿಯಲ್ಲಿ ನಿಲ್ಲುವ ಹೊತ್ತಿಗೆ ಸುದ್ದಿ ಕೇಳಲು ದಿನವೂ ಹೋಗಿ ನಿಲ್ಲುತ್ತಿದ್ದಳು. ಡ್ರೈವರ್ ಉಸ್ಮಾನ್‌ಸಾಬ್ ದಿನವೂ ಕೈ ಅಲ್ಲಾಡಿಸುತ್ತಿದ್ದ: ಏನೂ ಇಲ್ಲ.

ಹದಿನೇಳನೆಯ ದಿನ ಅವನು ದೂರದಿಂದಲೇ ಕೂಗಿದ. “ಶೇಖಮ್ಮವ್ವಾ! ಹೆಣ್ಣು!”

“ತಾಯಿ?”

ಇಂಜಿನ್ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಶೇಖಮ್ಮ ಬಾಗಿಲಿಗೇ ಹೋಗಿ ಹಿಡಿದಳು. “ತಾಯಿ ಹೆಂಗದಾಳಪಾ?”

“ಅರಾಮ್ ಅದಾಳ್ರಿ.”

“ಅರಾಮ್ ಅಂತ ನೀ ಅನ್ನಾಕತ್ತೀಯೋ, ಪಾರ್ವತೆಮ್ಮ ಅಂದಾಳೋ? ಆಕಿ ಅಂದದ್ದು ಹೇಳು, ಅಂದಂಗ ಹೇಳು.”

ಉಸ್ಮಾನ್‌ಸಾಬ್ ಇಂಜಿನ್ ನಿಲ್ಲಿಸಿದ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. “‘ನೋವು ಬಂದ ಎರಡನೇ ದಿನಾನ ದವಾಖಾನಿಗೆ ಒಯ್ದಿವಿ. ಡಾಕ್ಟರು ಕೂಸಿನ್ನ ತಗದ್ರು. ಇಬ್ಬರೂ ಉಳದಾರ. ಯಮನಮ್ಮ ಮುಂಜಾನಿ ಗಂಜಿ ಕುಡದಾಳ.’ ಇಷ್ಟ ಅಂದಾಳ್ರಿ.”

“ಕುಡದಾಳ?”

“ಕುಡದಾಳ್ರಿ.”

ಶೇಖಮ್ಮ ಅಲ್ಲೇ ಯಾರದೋ ಜೋಳದ ಚೀಲದ ಮೇಲೆ ಕೂತುಬಿಟ್ಟಳು. ಸಿಂಧನೂರಿಗೆ ಹೊತ್ತಾಯಿತೆಂದು ಮೋಟರಿನೊಳಗಿನವರು ಬೈಯುತ್ತಿದ್ದರು. ಉಸ್ಮಾನ್‌ಸಾಬ್ ಮುಂದೆ ಹೋಗಿ, ಇಂಜಿನ್ ಮತ್ತೆ ಚಾಲೂ ಮಾಡಲು ಹ್ಯಾಂಡಲ್ ತಿರುಗಿಸತೊಡಗಿದ.