ಇಸವಿ ಅಳಿಸಿಹೋದ ಬೆಳ್ಳಿ ರೂಪಾಯಿ

ಭೂತಗನ್ನಡಿ ಹಿಡಿದು ಎಷ್ಟು ಹೊರಳಿಸಿದರೂ ನಾಣ್ಯದಲ್ಲಿ ಇಸವಿ ಕಾಣಲಿಲ್ಲ. ರಾಜನ ಮುಖವೂ ಸವೆದು ನುಣ್ಣಗಾಗಿತ್ತು. ಹಳೆಯ ಬೆಳ್ಳಿ ರೂಪಾಯಿ ಅಪರೂಪದ್ದೋ ಅಲ್ಲವೋ ಎಂಬುದನ್ನು ಹೇಳುವುದೇ ಇಸವಿ. ವರ್ಷಗಳಿಂದ ಇಂಥವನ್ನು ಹುಡುಕಿ ಕೂಡಿಡುವ ನಾನು, ದೊಡ್ಡಬಳ್ಳಾಪುರದಲ್ಲಿ ನಾನು ಹುಟ್ಟಿದ ಬೀದಿಯ ಪುಟ್ಟಮ್ಮಜ್ಜಿಗೆ ಅದನ್ನು ಹಿಂದಿರುಗಿಸಿದೆ. "ಇದು ನನ್ನ ಸಂಗ್ರಹಕ್ಕೆ ಆಗಲ್ಲ ಅಜ್ಜಿ, ಪೂರ್ತಿ ಸವೆದೋಗಿದೆ."

ಪಕ್ಕದ ಮನೆಯ ಮಗ್ಗದ ಸದ್ದನ್ನೂ ಮೀರಿಸಿ ಅಜ್ಜಿ ನಕ್ಕರು. "ಸವೀದೆ ಇನ್ನೇನಪ್ಪ? ಬೀದೀಲಿ ಯಾವ ಕೂಸಿನ ಹೊಕ್ಕುಳು ಉಬ್ಬಿದ್ರೂ ಇದನ್ನೇ ಮೇಲಿಟ್ಟು ಬಟ್ಟೆ ಕಟ್ತಿದ್ವಿ. ವಾಪಸ್ ಕೊಡುವಾಗ ಎಲ್ರೂ ಹುಣಸೆಹಣ್ಣು ಹಾಕಿ ತಿಕ್ಕಿ ಕೊಡೋರು. ನಿಂಗೂ ಕಟ್ಟಿದ್ದು ಇದೇ ಕಣೋ. ನಿಮ್ಮಮ್ಮ ಎಲ್ಲರಿಗಿಂತ ಚೆನ್ನಾಗಿ ತಿಕ್ಕಿ ತಂದಿದ್ಲು!"

ನನ್ನ ಕೈ ತಾನಾಗಿಯೇ ಮತ್ತೆ ಮುಂದಕ್ಕೆ ಹೋಯಿತು. ಕೇಳಿದಷ್ಟು ಕೊಡುತ್ತೇನೆ ಎಂದೆ.

"ಆಗಲ್ಲ ಅಂದ್ಯಲ್ಲ," ಎನ್ನುತ್ತಾ ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಅಮ್ಮ ಈಗ ಇಲ್ಲ. ನನ್ನ ಆಲ್ಬಮ್ಮಿನಲ್ಲಿ ಇಸವಿ ಸ್ಪಷ್ಟವಾಗಿ ಕಾಣುವ ಬೆಳ್ಳಿ ರೂಪಾಯಿಗಳು ಬೇಕಾದಷ್ಟಿವೆ. ಅಮ್ಮನ ಬೆರಳು ತಾಗಿದ್ದು ಒಂದೂ ಇಲ್ಲ.