ಲೀಲಮ್ಮ ಸಿಕ್ಕಿಸಿದ ಕೇಬಲ್ಲು

ವಡಪಳನಿಯ ಆ ಚಿಕ್ಕ ಆಸ್ಪತ್ರೆಯಲ್ಲಿ ಯಾವ ವಸ್ತುವಿಗೂ ವಾರೆಯಾಗಿ ಬಿದ್ದಿರುವ ಧೈರ್ಯವಿರಲಿಲ್ಲ. ನೋಂದಣಿ ಮೇಜಿನ ಲೀಲಮ್ಮ ಬಿಡಬೇಕಲ್ಲ! ಮೈಸೂರಿನಿಂದ ಮದುವೆಯಾಗಿ ಈ ತಮಿಳು ಊರಿಗೆ ಬಂದು, ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದವರು. ಚಪ್ಪಲಿ ಜೋಡಿಸದೆ ಒಳಗೆ ಬಂದ ದೊಡ್ಡ ಡಾಕ್ಟರನ್ನೂ ಬಾಗಿಲಿಗೆ ವಾಪಸು ಕಳಿಸಿದ ಹೆಂಗಸು. ಅಷ್ಟೊಂದು ಓರಣ ಯಾಕೆ ಬೇಕೋ ದೇವರಿಗೇ ಗೊತ್ತು.

ಇನ್ನು ಆಯುಧಪೂಜೆಯ ದಿನ ಕೇಳಬೇಕೇ? ಬಿಲ್ಲಿಂಗ್ ಕಂಪ್ಯೂಟರನ್ನು ಪೂಜೆಯ ಮೇಜಿಗೆ ಎತ್ತಿಟ್ಟಿದ್ದರು. ಅದರ ಕೇಬಲ್ಲು, ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಗೋಡೆಯ ಮೇಲಿನ ನೆಟ್‌ವರ್ಕ್ ಸ್ವಿಚ್ಚಿನಿಂದ ಅನಾಥವಾಗಿ ಜೋಲಾಡುತ್ತಿತ್ತು. ಲೀಲಮ್ಮನಿಗೆ ತಡೆಯಲಾಗಲಿಲ್ಲ. ಜೋಲುವ ತುದಿಯನ್ನು ಎತ್ತಿ ಅದೇ ಸ್ವಿಚ್ಚಿನ ಖಾಲಿ ತೂತಿಗೆ ಟಕ್ಕೆಂದು ಸಿಕ್ಕಿಸಿ, ಚಂದನ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದರು. ಒಂದು ಹೆಜ್ಜೆ ಹಿಂದೆ ಸರಿದು ಕಣ್ತುಂಬ ನೋಡಿಕೊಂಡರು.

ಪ್ರಸಾದದ ಕಡಲೆ ಸುಂಡಲ್ ಹಂಚುತ್ತಿರುವಾಗಲೇ ಹತ್ತಿರದ ಸಿನಿಮಾ ಸ್ಟುಡಿಯೋದಿಂದ ಆಟೋ ಬಂತು. ಲೈಟುಗಳಿಗೆ ಹಾರ ಹಾಕಲು ಏಣಿ ಹತ್ತಿದ್ದ ಅಂದಾನಿ ಎಂಬ ಲೈಟ್‌ಮನ್ ಬಿದ್ದು ತಲೆಗೆ ಪೆಟ್ಟಾಗಿತ್ತು. ಜೊತೆಗೆ ಬಂದಿದ್ದ ಅವನ ಹೆಂಡತಿ ಸೀತಾ, ಲೀಲಮ್ಮನ ಮಾತು ಕೇಳಿದ್ದೇ ಅವರ ಕೈ ಹಿಡಿದುಕೊಂಡಳು.

"ಅಕ್ಕಾ, ಕನ್ನಡದೋರಾ? ಸದ್ಯ, ನೀವಿದ್ದೀರಲ್ಲ."

ಸ್ಕ್ಯಾನು ಮುಗಿಯಿತು. ಚಿತ್ರಗಳು ದೊಡ್ಡ ಆಸ್ಪತ್ರೆಯಲ್ಲಿರುವ ಮಿದುಳಿನ ಡಾಕ್ಟರಿಗೆ ಹೋಗಬೇಕು, ಅವರು ನೋಡಿ ಆಪರೇಷನ್ನಿಗೆ ಕರೆಸಿಕೊಳ್ಳಬೇಕು. ಚಿತ್ರಗಳು ಹೋಗಲೇ ಇಲ್ಲ. ಯಾವ ಕಂಪ್ಯೂಟರಿಗೂ ನೆಟ್‌ವರ್ಕ್ ಇಲ್ಲ. ಆರಿಸಿದರು, ಹಾಕಿದರು, ದೇವರನ್ನು ಕರೆದರು. ಹಬ್ಬಕ್ಕೆಂದು ಕ್ರೋಂಪೇಟೆಯ ಮನೆಯಲ್ಲಿದ್ದ ನೆಟ್‌ವರ್ಕಿನ ದಿನೇಶ ಲೀಲಮ್ಮನ ಫೋನೆತ್ತುವ ಹೊತ್ತಿಗೆ ಅರ್ಧ ಗಂಟೆ ಮೀರಿತ್ತು.

"ಮೇಡಂ, ಸ್ವಿಚ್ಚಿನ ದೀಪಗಳು ಹೇಗಿವೆ?"

"ಎಲ್ಲಾ ಒಟ್ಟಿಗೆ ಪಟಪಟ ಅಂತಿವೆ ಪಾ, ನಿಲ್ತಾನೇ ಇಲ್ಲ."

"ಎರಡೂ ತುದಿ ಅದೇ ಸ್ವಿಚ್ಚಿಗೆ ಸಿಕ್ಕಿಸಿರೋ ಕೇಬಲ್ ಇದೆಯಾ ನೋಡಿ."

ಲೀಲಮ್ಮ ಹುಡುಕಬೇಕಾಗಲಿಲ್ಲ. ಸೇವಂತಿಗೆಯ ಕೆಳಗೇ ಇತ್ತು.

"ಇದ್ರೆ... ಏನಾಗತ್ತೆ?"

"ಯಾವ ತೂತಲ್ಲಿ ಯಾವ ಕಂಪ್ಯೂಟರಿದೆ ಅಂತ ಸ್ವಿಚ್ಚಿಗೆ ನೆನಪಿರತ್ತೆ. ಅದಕ್ಕೇ ಒಬ್ಬರದ್ದು ಇನ್ನೊಬ್ಬರಿಗೆ ಹೋಗದ ಹಾಗೆ, ಯಾರದ್ದೋ ಅವರಿಗೇ ಕೊಡತ್ತೆ. ಎಲ್ಲರಿಗೂ ಅಂತ ಬಂದಿದ್ದನ್ನ ಮಾತ್ರ ಎಲ್ಲಾ ತೂತಿಗೂ ಕಳಿಸತ್ತೆ. ಆ ಕೇಬಲ್ ಇದ್ರೆ ಕಳಿಸಿದ್ದೇ ವಾಪಸು ಬರತ್ತೆ. ಹೊಸದು ಅಂದ್ಕೊಂಡು ಮತ್ತೆ ಎಲ್ಲರಿಗೂ ಕಳಿಸತ್ತೆ. ಕೊನೆಗೆ ಬೇರೆ ಯಾವುದಕ್ಕೂ ದಾರಿನೇ ಇರಲ್ಲ. ಒಳ್ಳೇ ಸ್ವಿಚ್ಚಾದ್ರೆ ತಾನೇ ತಡೀತಿತ್ತು, ನಮ್ಮದು ಅಗ್ಗದ್ದು. ಕಿತ್ತುಬಿಡಿ ಮೇಡಂ!"

ಕಿತ್ತರು. ಹೂವು ಉದುರಿತು, ದೀಪಗಳು ಶಾಂತವಾದವು, ಚಿತ್ರಗಳು ಹೋದವು. ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದೆ, ತಕ್ಷಣ ಕರೆತನ್ನಿ ಎಂದು ಆ ಡಾಕ್ಟರು ಫೋನಿನಲ್ಲಿ ಕೂಗಿದರು. ಆಂಬುಲೆನ್ಸು ಹೊರಟುಹೋಯಿತು. ಲೀಲಮ್ಮ ಕೈಯಲ್ಲಿ ಕೇಬಲ್ಲಿನ ತುದಿ ಹಿಡಿದು ಅಲ್ಲೇ ನಿಂತಿದ್ದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಂದಾನಿ ಬದುಕಿಕೊಂಡ. ದೀಪಾವಳಿಗೆ ಮುಂಚೆ ಸೀತಾ ಹಣ್ಣು ಹಿಡಿದು ಬಂದಳು, ಲೀಲಮ್ಮನ ಕಾಲಿಗೆ ಬಗ್ಗಿದಳು.

"ನೀವು ಫೋನ್ ಮಾಡಿ ಸರಿಮಾಡಿಸದಿದ್ರೆ ಅವರು ಇರ್ತಿರಲಿಲ್ಲ ಅಕ್ಕಾ. ಎಡಗೈ ಮಾತ್ರ ಏಳ್ತಿಲ್ಲ. ಇನ್ನೊಂದು ಸ್ವಲ್ಪ ಬೇಗ ತಂದಿದ್ರೆ ಅಂದ್ರು ಡಾಕ್ಟ್ರು. ನಂದೇ ತಪ್ಪು. ಆಟೋ ಹಿಡಿಯೋಕೆ ತಡಮಾಡ್ಬಿಟ್ಟೆ."

ಲೀಲಮ್ಮ ಅವಳ ಎರಡೂ ಕೈ ಹಿಡಿದುಕೊಂಡರು.

"ನಿಂದಲ್ಲ ಕಣಮ್ಮಾ. ಅವತ್ತು ಚಿತ್ರ ಹೋಗೋದನ್ನ ತಡೆದ ಆ ಕೇಬಲ್ ಸಿಕ್ಕಿಸಿದೋಳು ನಾನು. ಚೆನ್ನಾಗಿ ಕಾಣ್ಲಿ ಅಂತ."

ಸೀತಾಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಬೇಕಂತ ಮಾಡಿದ್ದಲ್ವಲ್ಲಕ್ಕಾ," ಎಂದಳು. ಅಷ್ಟರಲ್ಲಿ ಅವಳ ಕೈ ಲೀಲಮ್ಮನ ಕೈಯಿಂದ ಬಿಡಿಸಿಕೊಂಡಾಗಿತ್ತು.