ಸಿಪ್ಪೆ ಇರುವ ಊಟ

ರೊಟ್ಟಿ ಮುರಿದ ಕೂಡಲೇ ಮಾವನ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಒಂದು ಚೂರನ್ನು ಮೂಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಟ್ಟೆಯನ್ನು ಹಾಗೇ ಸರಿಸಿಬಿಡುತ್ತಿದ್ದ. ಅವನು ಅವ್ವನ ತಮ್ಮ. ಮೆಹಕರದಲ್ಲಿ ಕುರಿ ಕಾಯುತ್ತಿದ್ದವನನ್ನು ಅವ್ವ ಬೀದರಿಗೆ, ಚಿದ್ರಿಯ ನಮ್ಮ ಮನೆಗೆ ಕರೆತಂದಿದ್ದಳು. ಬಾಳೆಹಣ್ಣು, ಸುಲಿಯದ ಶೇಂಗಾ, ಬೇಯಿಸಿದ ಮೊಟ್ಟೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. "ಸಿಪ್ಪಿ ಇದ್ದದ್ದರಾಗ ಯಾರಿಗೂ ಏನೂ ಹಾಕಲಿಕ್ಕ ಬರಲ್ಲ" ಎನ್ನುತ್ತಿದ್ದ. ನಾವು ಶೇಂಗಾ ತಂದು ಕೊಡುತ್ತಿದ್ದೆವು.

ಊರಲ್ಲಿದ್ದಾಗ ಯಾರೂ ಇದನ್ನು ಕಾಯಿಲೆ ಎನ್ನಲಿಲ್ಲ. ಆಗದವರು ಊಟದಲ್ಲಿ ಮದ್ದು ಹಾಕುತ್ತಾರೆಂದು ನಮ್ಮ ಕಡೆ ಓದಿದವರೂ ನಂಬುತ್ತಾರೆ. ಹಾಗಾಗಿ ಮಾವ ದಾಯಾದಿಗಳ ಕಡೆ ಬೆರಳು ತೋರಿಸಿದಾಗ ಎಲ್ಲರೂ ಹೌದೆಂದರು. ಔರಾದಿನ ತನಕ ಕರೆದೊಯ್ದು ಮದ್ದು ಕಕ್ಕಿಸಿಕೊಂಡೂ ಬಂದರು. ಅವನ ಸಂಶಯಕ್ಕೆ ಊರೇ ಸಾಕ್ಷಿ ನಿಂತಿತು. ಆಮೇಲೆ ಅವನು ಖಾಲಿ ಹೊಲದಲ್ಲಿ ಯಾರಿಗೋ ಉತ್ತರ ಕೊಡತೊಡಗಿದ, ಕುರಿ ಬಿಟ್ಟು ಮೂಲೆ ಸೇರಿದ. ಆಗ ಅವ್ವನಿಗೆ ದಿಗಿಲಾಯಿತು.

ಬೀದರಿನ ಮನೋವೈದ್ಯೆಯನ್ನು ಮಾವ ಮೊದಲೇ ಕೇಳಿಬಿಟ್ಟ, "ನೀವೂ ಅವರ ಕಡಿಯವ್ರೇನ್ರಿ?"

"ನಿಮಗ ಮಾತು ಕೇಳಸ್ತಾವ, ಅದು ಖರೇರಿ. ನಮಗ ಕೇಳಸಲ್ಲ," ಎಂದರು ಅವರು. ರಕ್ತ ಪರೀಕ್ಷೆಯಲ್ಲಿ ಸಿಗುವ ರೋಗ ಇದಲ್ಲವಂತೆ. ಇಲ್ಲದ ದನಿಗಳು, ಬಿಡದ ಸಂಶಯ, ತಿಂಗಳುಗಟ್ಟಲೆ ನಿಂತುಹೋದ ಕೆಲಸ, ಎಲ್ಲವನ್ನೂ ಕೂಡಿಸಿ ನೋಡಿ ಸ್ಕಿಜೋಫ್ರೇನಿಯಾ ಎಂದರು.

ಮಾವ ಗುಳಿಗೆ ಮುಟ್ಟಲಿಲ್ಲ, ದಿನೇ ದಿನೇ ಸೊರಗಿದ. ಬೇಳೆಯಲ್ಲಿ ಅರೆದು ಹಾಕೋಣ ಎಂದ ಅಪ್ಪ. ನನಗೂ ಅದೇ ಸರಿ ಎನಿಸಿತು. ಅವ್ವ ಒಪ್ಪಲಿಲ್ಲ.

"ಹಾಕಿದ್ರ ಅಂವ ಹೇಳಿದ್ದೇ ಖರೇ ಆಗ್ತದ. ಆಮ್ಯಾಲ ಅಂವಗ ಯಾವ ಮಾರಿ ತೋರಸ್ಲಿ?"

ಅವನ ಕಣ್ಣೆದುರೇ ಗುಳಿಗೆ ಬಿಡಿಸಿ ಅಂಗೈ ಮೇಲಿಟ್ಟು, "ಇದು ಔಷಧ. ಒಲ್ಲೆಂದ್ರ ಒಲ್ಲೆನ್ನು. ಮುಚ್ಚಿ ಕೊಡಲ್ಲ," ಎನ್ನುತ್ತಿದ್ದಳು. ಅವನು ಒಲ್ಲೆ ಎನ್ನುತ್ತಿದ್ದ. ಅವ್ವ ಮರುದಿನ ಮತ್ತೆ ಕೈ ಚಾಚುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಮುಖವನ್ನೇ ದಿಟ್ಟಿಸಿ, ತೆಗೆದುಕೊಂಡು ನುಂಗಿದ.

ನಿಧಾನಕ್ಕೆ ನಿದ್ದೆ ಬಂತು, ದನಿಗಳು ದೂರವಾದವು. ಊರಿಗೆ ಮರಳಿ ಮತ್ತೆ ಕುರಿ ಕಾಯ್ದ. ಸಂಶಯ ಮಾತ್ರ ಪೂರ್ತಿ ಹೋಗಲಿಲ್ಲ. ಹೋದ ವರ್ಷ ಜ್ವರ ಬಂದು ಭಾಲ್ಕಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ನೀರು ಹಿಡಿದರೆ ತುಟಿ ಬಿಗಿದ.

"ನಾ ಮಾವಾ, ನಿನ್ನ ಅಕ್ಕನ ಮಗ."

"ಗೊತ್ತದ. ಅಕ್ಕನ ಕೈಯಾಗ ಕೊಡು."

ಅವ್ವ ಬಂದು ಲೋಟ ಹಿಡಿದಳು. ಕಣ್ಣು ಮುಚ್ಚಿಕೊಂಡೇ ಕುಡಿದ. ಅದೇ ಅವನ ಕೊನೆಯ ನೀರು.